ತಾಟು ಬಿಡುವ ಹೊತ್ತು

ಬೆಳಕು ಹಚ್ಚಿ, ಅರ್ಧಕ್ಕೇ ಆರಿಸಿಬಿಟ್ಟರೆ? ಹಚ್ಚದೇ ಇರುವುದಕ್ಕೂ ಹಚ್ಚಿ ಆರಿಸುವುದಕ್ಕೂ ವ್ಯತ್ಯಾಸ ಇರಲೇಬೇಕಲ್ಲವೇ? ಬರುತ್ತದೆ ಎಂದದ್ದು ಬಾರದೇ ಹೋದರೆ ಎಲ್ಲಿ ಹೋಯಿತೋ ಎಂದು ಜನ ಹೆದರುತ್ತಾರೆ, ಅದು ಸರಿ. ಆದರೆ ಬಂದು ಹೋದದ್ದಕ್ಕೆ ಯಾರು ಹೆದರುತ್ತಾರೆ? ಕಣ್ಣಾರೆ ಕಂಡಿರುತ್ತಾರೆ, ಕಣ್ಣೆದುರೇ ಮಾಯವಾಗಿರುತ್ತದೆ. ಬಿಟ್ಟಿತು ಎಂದುಕೊಂಡು ಬಾಗಿಲು ತೆರೆಯುತ್ತಾರೆ. ತೆರೆಯುತ್ತಾರೆಯೇ?

ನಿಜಗುಣ ಸಂಶೋಧನಾ ಕೇಂದ್ರದ ಕಂಟ್ರೋಲ್ ರೂಮಿನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕಿಟಕಿಯಾಚೆ, ಬಂಡೆಗುಡ್ಡಗಳ ನಡುವಿನ ಬಯಲಿನಲ್ಲಿ ಸಾಲುಸಾಲು ಆಂಟೆನಾ ಕಂಬಗಳ ನೆರಳು ಉದ್ದವಾಗುತ್ತಿತ್ತು. ಕೈಯಲ್ಲಿದ್ದ ಫೋನು ಇನ್ನೂ ಬಿಸಿಯಾಗಿತ್ತು. ಈಗಷ್ಟೇ ಅತ್ತೆ, ಹೆಂಡತಿ ದಾನೇಶ್ವರಿಯ ತಾಯಿ ಕಸ್ತೂರೆವ್ವ, ಮಾತಾಡಿದ್ದಳು.

“ಅಳಿಯಂದ್ರ, ದಾನುಗ ನೀರ ಹೋತ್ರಿ. ಬ್ಯಾನಿ ಸುರು ಆಗ್ಯಾವ. ಇನ್ನೂ ಹದಿನೈದು ದಿನ ಐತಿ ಅಂದಿದ್ರಲ್ರಿ ಡಾಕ್ಟರಮ್ಮ?”

“ದಸ್ತಗೀರನ್ನ ಕರೀರಿ ಅತ್ತಿ. ಟೆಂಪೋ ತರಾಕ ಹೇಳ್ರಿ.”

“ಕರದೆ. ಬಾಗಲಾ ತಗೀಲಿಲ್ಲ. ಕಿಟಕ್ಯಾಗಿಂದನ ಮಾತಾಡಿದ. ತಾಟ ಬಿಟ್ಟ ಮ್ಯಾಲೆ ಬರ್ತೀನಿ, ಅದರ ಕೆಳಗ ಬಸುರಿ ಹೆಂಗಸನ್ನ ಒಯ್ಯಾಂಗಿಲ್ಲ ಅಂದ. ಆಂಬುಲೆನ್ಸಿನವರೂ ಅದನ್ನ ಅಂದ್ರು. ಇವತ್ತ ತಾಸುಗಟ್ಟಲೆ ಇರೂ ದೊಡ್ಡ ತಾಟಲ್ರಿ? ಬಿಡೂದು ಯಾವಾಗ?”

ಯಾವಾಗ ಎಂಬುದನ್ನು ನಿಜಗುಣನಿಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಇರಲಿಲ್ಲ. ಜನ ತಾಟು ಎಂದು ಕರೆಯುವ ಆ ಬೆಳಕನ್ನು ಹಚ್ಚುವವನೇ ಅವನು.

ಅದು ಹುಟ್ಟಿದ್ದು ಆಕಾಶದಲ್ಲಲ್ಲ, ಈ ಕೋಣೆಯಲ್ಲಿ. ನೆಲದಿಂದ ಇನ್ನೂರೈವತ್ತು ಕಿಲೋಮೀಟರ್ ಮೇಲೆ, ಗಾಳಿ ಎನ್ನುವಷ್ಟೂ ಗಾಳಿಯಿಲ್ಲದ ಕಡೆ, ಬಿಸಿಲಿನ ಏಟಿಗೆ ಅಣುಗಳು ಒಡೆದು ವಿದ್ಯುತ್ಕಣಗಳ ಒಂದು ಪದರ ತೇಲುತ್ತಿರುತ್ತದೆ. ಕೆಳಗಿನಿಂದ ಬಲವಾದ ರೇಡಿಯೋ ಅಲೆಗಳನ್ನು ಒಂದೇ ಕಡೆ ಗುರಿಯಿಟ್ಟು ಕಳಿಸಿದರೆ ಆ ಕಣಗಳು ಕಾದು ಓಡಾಡುತ್ತವೆ. ಅಲ್ಲಿನ ಆಮ್ಲಜನಕಕ್ಕೆ ಡಿಕ್ಕಿ ಹೊಡೆಯುತ್ತವೆ. ಆಮ್ಲಜನಕ ಟ್ಯೂಬ್‌ಲೈಟಿನಂತೆ ಮಿನುಗುತ್ತದೆ. ಆ ಮಿನುಗು ಯಾವ ಕಡೆ ಜಾರಿತು ಎಂದು ನೋಡಿದರೆ ಮೇಲಿನ ಗಾಳಿಯ ಓಟ ತಿಳಿಯುತ್ತದೆ. ಬೇರೆ ದೇಶಗಳಲ್ಲಿ ಮಾಡಿದಾಗ ಅದು ಕ್ಯಾಮೆರಾದ ಕಣ್ಣಿಗೆ ಮಾತ್ರ ಬಿದ್ದಿತ್ತು. ಇಲ್ಲಿ, ಭೂಮಿಯ ಕಾಂತರೇಖೆಗಳು ಹೆಚ್ಚುಕಡಿಮೆ ಅಂಗಾತ ಮಲಗಿರುವ ಈ ದಕ್ಷಿಣದ ಆಕಾಶದಲ್ಲಿ, ಮೊದಲ ಸಂಜೆಯೇ ಅದು ಹಸಿರಾಗಿ, ದುಂಡಗೆ, ಅಂಚಿನಲ್ಲಿ ಕೆಂಪಾಗಿ, ಚಂದ್ರನಿಗಿಂತ ದೊಡ್ಡದಾಗಿ ಬೆಳಗಿತು. ಯಾಕೆ ಅಷ್ಟು ಬೆಳಗಿತೆಂದು ಕೇಂದ್ರದಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಬೆಳಗಿದ್ದು ತಮ್ಮದೇ ಎಂದು ಮಾತ್ರ ಗೊತ್ತಿತ್ತು.

ಹೇಳಬಹುದಿತ್ತು. ಆದರೆ ಜಮೀನು ಪಡೆಯುವಾಗ ರೈತರಿಗೆ ಕೊಟ್ಟ ಮಾತು ಬೇರೆಯಿತ್ತು. ಈ ಕಂಬಗಳು ಆಕಾಶವನ್ನು ಕೇಳಿಸಿಕೊಳ್ಳುತ್ತವೆಯೇ ಹೊರತು ಏನನ್ನೂ ಕಳಿಸುವುದಿಲ್ಲ ಎಂದಿದ್ದರು. ಕಳಿಸಲು ಅನುಮತಿ ಬರುವ ತನಕ ಸುಮ್ಮನಿರೋಣ ಎಂದರು ನಿರ್ದೇಶಕ ಡಾಕ್ಟರ್ ಪದ್ಮನಾಭಯ್ಯ. ಆ ಸುಮ್ಮನಿರುವಿಕೆಯೊಳಗೆ ಟೀವಿಯವರು ಬಂದು ಕೂತರು. ಹಾರುವ ತಟ್ಟೆಯ ಚಿತ್ರಗಳು, ಬೋಳು ತಲೆಯ ಕಪ್ಪು ಕಣ್ಣಿನ ಬೊಂಬೆಗಳು, ‘ಬಂದವರು ಯಾರು?’ ಎಂಬ ಚರ್ಚೆ. ಬಿಳೇಕಲ್ಲು ಊರಿನ ಆಟೋಗಳ ಹಿಂದೆ ಹಸಿರು ಮುಖಗಳು ಅಂಟಿಕೊಂಡವು. ಸಂತೆಯಲ್ಲಿ ಹಸಿರು ಮುಖವಾಡ ಮಾರಿದರು. ಒಂದು ಬೇಕರಿಯವನು ತಟ್ಟೆಯಾಕಾರದ ಕೇಕಿನ ಮೇಲೆ ಚೆರ್ರಿ ಇಟ್ಟು ಮಾರಿದ. ಊಟದ ತಟ್ಟೆಗೆ ತಾಟು ಎನ್ನುವ ಸೀಮೆ ಅದು. ಬೆಳಕಿನ ಹೆಸರೂ ತಾಟು ಆಯಿತು. ಮೊದಲ ತಿಂಗಳು ಜನ ಅದನ್ನು ನೋಡಲೆಂದೇ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದರು.

ಆಮೇಲೆ ಯಾರದೋ ಎಮ್ಮೆ ಕಂದು ಹಾಕಿತು. ಯಾರಿಗೋ ಮೈಮೇಲೆ ಗಂಧೆ ಎದ್ದವು. ಬುತ್ತಿ ನಿಂತಿತು, ಬಾಗಿಲು ಮುಚ್ಚಿತು.

ಆಗ ಒಂದು ದಾರಿ ಸೂಚಿಸಿದವನು ನಿಜಗುಣನೇ. ಗೊತ್ತಿಲ್ಲದ್ದಕ್ಕೆ ತಾನೇ ಹೆದರಿಕೆ? ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂದು ಮೊದಲೇ ಪ್ರಕಟಿಸಿದರೆ ಜನ ಅದನ್ನು ರೈಲಿನಂತೆ ನೋಡತೊಡಗುತ್ತಾರೆ ಎಂದ. ಪದ್ಮನಾಭಯ್ಯನವರಿಗೆ ಮಾತು ಹಿಡಿಸಿತು. ‘ಮೇಲ್ವಾತಾವರಣದ ಸಹಜ ವಿದ್ಯಮಾನ’ ಎಂಬ ತಲೆಬರಹದಡಿ ಪತ್ರಿಕೆಗಳಲ್ಲಿ ಸಮಯ ಬಂತು, ಆಟೋಗೆ ಮೈಕು ಕಟ್ಟಿ ಊರೂರಿಗೆ ಸಾರಿದರು.

ಜನ ಅದನ್ನು ರೈಲಿನಂತೆ ನೋಡಲಿಲ್ಲ. ಹಿಡಿಯುವ ಹೊತ್ತು, ಬಿಡುವ ಹೊತ್ತು ಮೊದಲೇ ಗೊತ್ತಿರುವ ಆಕಾಶದ ಸಂಗತಿ ಅವರಿಗೆ ಒಂದೇ ಒಂದಿತ್ತು, ಗ್ರಹಣ. ಗ್ರಹಣಕ್ಕೆ ಏನೇನು ಮಾಡಬೇಕೆಂದು ಅಜ್ಜಿಯರಿಗೆ ಗೊತ್ತಿತ್ತು. ಮಧ್ಯಾಹ್ನದಿಂದಲೇ ಒಲೆ ಆರಿತು. ಹಾಲು, ಉಪ್ಪಿನಕಾಯಿಗಳ ಮೇಲೆ ದರ್ಭೆ ಬಿತ್ತು. ಬಸುರಿಯರನ್ನು ಒಳಕೋಣೆಗೆ ಸೇರಿಸಿ ಕಿಟಕಿಗೆ ಕಂಬಳಿ ಹೊದಿಸಿದರು. ಅಕ್ಕಿ ಗಿರಣಿಯ ಸೈರನ್ ಹಿಡಿಯುವಾಗ ಒಮ್ಮೆ, ಬಿಡುವಾಗ ಒಮ್ಮೆ ಕೂಗತೊಡಗಿತು. ಅಂಥ ಪದ್ಧತಿ ಇಲ್ಲದ ಮನೆಗಳೂ ಅಕ್ಕಪಕ್ಕ ನೋಡಿ ಬಾಗಿಲು ಹಾಕಿಕೊಂಡವು. ಟೆಂಪೋ ದಸ್ತಗೀರ ಮೊದಮೊದಲು ನಗುತ್ತಿದ್ದ. “ತಾಟ ಬಂದ್ರ ಬರ್ಲಿ, ಅದರಾಗ ಎರಡ ರೊಟ್ಟಿ ಹಾಕಿ ಕಳಸ್ರಿ ಅಂತೀನಿ,” ಎನ್ನುತ್ತಿದ್ದ. ಜೇನಿನವನು ಸತ್ತ ಮೇಲೆ ಅವನೂ ನಗುವುದನ್ನು ಬಿಟ್ಟ.

ಜೇನಿನವನು ಸತ್ತದ್ದು ಹಿಂದಿನ ತಿಂಗಳು. ಅಂದು ಕೇಂದ್ರದ ವಿದ್ಯುತ್ ಕೈಕೊಟ್ಟಿತ್ತು. ಬರುತ್ತದೆ ಎಂದು ಸಾರಿದ್ದ ತಾಟು ಬರಲಿಲ್ಲ. ಆರಾಮಾಯಿತು ಎಂದು ಯಾರೂ ಉಸಿರು ಬಿಡಲಿಲ್ಲ. ಮೇಲೆ ಇಲ್ಲವೆಂದರೆ ಕೆಳಗೆ ಇಳಿದಿದೆ, ಅಷ್ಟೇ. ಹಾರೆ, ಕೊಡಲಿ ಹಿಡಿದು ಗುಡ್ಡ ಸುತ್ತಿದವರಿಗೆ, ಬಂಡೆಯ ಸಂದಿಯಿಂದ ಹೊಗೆಯ ನಡುವೆ ಇಳಿಯುತ್ತಿದ್ದ ಒಬ್ಬ ಮನುಷ್ಯ ಸಿಕ್ಕ. ಮುಖದ ತುಂಬ ಬಲೆ, ಕೈಗೆ ಗೋಣಿತಟ್ಟಿನ ಗವಸು. ಹೆಜ್ಜೇನು ಕೀಳಲು ಬೇರೆ ಸೀಮೆಯಿಂದ ಬಂದವನು. ಅವನ ಭಾಷೆ ಯಾರಿಗೂ ತಿಳಿಯಲಿಲ್ಲ. ಬಲೆ ತೆಗೆದು ನೋಡುವ ಮೊದಲೇ ಎಲ್ಲ ಮುಗಿದಿತ್ತು.

ಅಂದಿನಿಂದ ಕೇಂದ್ರ ಒಂದು ತಾಟನ್ನೂ ತಪ್ಪಿಸಲಿಲ್ಲ. ಗಾಳಿಯ ಓಟ ತಿಳಿಯಲೆಂದು ಹಚ್ಚುತ್ತಿದ್ದ ಬೆಳಕನ್ನು ಈಗ ಜನ ಜನರನ್ನು ಕೊಲ್ಲದಿರಲೆಂದು ಹಚ್ಚುತ್ತಿದ್ದರು.

ಮನೆಯಲ್ಲಿ ದಾನೇಶ್ವರಿಗೆ ಮಾತ್ರ ತಾಟಿನ ಭಯವಿರಲಿಲ್ಲ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋಗಬೇಕಾದದ್ದು. ದಾರಿಯಲ್ಲಿ ಎಲ್ಲಿ ತಾಟು ಹಿಡಿಯುತ್ತದೋ ಎಂದು ಹೆದರಿ ತಾಯಿಯೇ ಇಲ್ಲಿಗೆ ಬಂದಳು. ಕಸ್ತೂರೆವ್ವ ಕಿಟಕಿಗೆ ಕಂಬಳಿ ಕಟ್ಟಿದರೆ ಮಗಳು ಅದರ ಮೂಲೆಯನ್ನು ಬೆರಳಿನಿಂದ ಸರಿಸುತ್ತಿದ್ದಳು.

“ಎವ್ವಾ, ಸ್ವಲ್ಪ ನೋಡ್ತೀನಿ ತಡಿ. ಎಷ್ಟ ಚಂದ ಐತಿ!”

“ಚಂದ ಅಂತ ಚಂದ! ಹುಟ್ಟೂ ಕೂಸಿಗೆ ಏನರ ಆದ್ರ ಅವಾಗ ಹೇಳೀಯಂತ. ಬಾ ಈಕಡೆ.”

ಒಂದು ಸಲ ಅವಳು ಗಂಡನನ್ನು ಕೇಳಿದ್ದಳು. “ರೀ, ಅದರಾಗ ಯಾರಿದ್ದಾರು?”

“ಯಾರೂ ಇಲ್ಲ.”

“ನಿಮಗ ಹೆಂಗ ಗೊತ್ತು? ನೀವೇನ ಒಳಗ ಹೋಗಿ ನೋಡಿರೇನು?” ಎಂದು ನಕ್ಕು ಅವನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. “ಇದರಾಗ ಯಾರಿದ್ದಾರ ಅಂತನೂ ಗೊತ್ತಿಲ್ಲ ನಮಗ. ಹಂಗಂತ ಅಂಜಾಕ ಆಕ್ಕೈತೇನು?”

ಅಂಗೈಗೆ ಒಳಗಿನಿಂದ ಒಂದು ಒದೆತ ತಾಗಿತು. ಹೇಳಬೇಕೆಂದಿದ್ದನ್ನು ಬಿಟ್ಟು ಅವನು ಇನ್ನೊಂದು ಒದೆತಕ್ಕೆ ಕಾದ. ಕೂಸು ಕಾಲು ಕೆಳಗಾಗಿ ಕೂತಿದೆ, ನೋವು ಬಂದ ಕೂಡಲೇ ಹೊಳೆಯಾಚೆಯ ದೊಡ್ಡಾಸ್ಪತ್ರೆಗೆ ಒಯ್ಯಬೇಕು, ತಡಮಾಡಿದರೆ ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದು ಅದೇ ವಾರ. ಈ ದೊಡ್ಡ ತಾಟು ಒಂದು ಮುಗಿಯಲಿ, ಮರುದಿನವೇ ಅವಳನ್ನು ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದು ಇಡೋಣ ಎಂದು ಅವರು ಗೊತ್ತುಮಾಡಿಕೊಂಡಿದ್ದರು.

ಕೂಸು ಆ ಒಂದು ದಿನವನ್ನು ಕಾಯಲಿಲ್ಲ.

“ಸರ್, ಇವತ್ತು ಹೇಳಿಬಿಡೋಣ,” ಎಂದ ನಿಜಗುಣ. ಪದ್ಮನಾಭಯ್ಯ ಮೇಜಿನಾಚೆ ಕನ್ನಡಕ ಒರೆಸುತ್ತ ನಿಂತಿದ್ದರು. “ನಮ್ಮದೇ ಬೆಳಕು, ಯಾರೂ ಅಂಜಬ್ಯಾಡ್ರಿ ಅಂತ ಟೀವಿಯವರಿಗೆ ಒಂದು ಫೋನ್ ಮಾಡ್ರಿ ಸರ್. ನನ್ನ ಹೆಂಡತಿ ಅಲ್ಲಿ...”

“ನಂಗರ್ಥ ಆಗತ್ತೆ ನಿಜಗುಣ. ಆದ್ರೆ ಈಗ ಹೇಳಿದ್ರೆ ನಂಬೋರು ಯಾರು? ನಂಬಿದ್ರು ಅಂತಾನೇ ಇಟ್ಕೊಳ್ಳಿ. ಜೇನಿನವನನ್ನ ಹೊಡೆದವರಿಗೆ ನಾವೇನು ಉತ್ತರ ಕೊಡೋಣ? ಇಷ್ಟು ದಿನ ನೀವೇ ಆಟ ಆಡ್ಸಿದ್ರಾ ಅಂತ ಇಲ್ಲಿಗೆ ಬಂದ್ರೆ ಒಂದು ಕಂಬ ಉಳಿಯಲ್ಲ. ನಾವೂ ಉಳಿಯಲ್ಲ.”

“ಜೀಪರ ಕೊಡ್ರಿ. ನಾನ ಹೋಗಿ ಕರ್ಕೊಂಡು ಹೋಗ್ತೀನಿ.”

“ಡ್ರೈವರ್ ಮಧ್ಯಾಹ್ನಾನೇ ಜೀಪ್ ತಗೊಂಡು ಮನೆ ಸೇರ್ಕೊಂಡ. ಅವನಿಗೂ ಹೆಂಡ್ತಿ ಮಕ್ಕಳಿದ್ದಾರಲ್ರೀ.” ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಹೊರಗೆ ನೋಡಿದರು. “ಹೊತ್ತಿಗೆ ಸರಿಯಾಗಿ ಹಚ್ಚಿ. ಹೊತ್ತಿಗೆ ಸರಿಯಾಗಿ ಆರಿಸಿ. ಅದೊಂದೇ ನಮ್ಮ ಕೈಲಿರೋದು.” ಹಾಗೆಂದು ಅವರು ಪಕ್ಕದ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ಸೂರ್ಯ ಮುಳುಗಿದ. ನಿಜಗುಣ ಟ್ರಾನ್ಸ್‌ಮಿಟರುಗಳಿಗೆ ಒಂದೊಂದಾಗಿ ಜೀವ ಕೊಟ್ಟ. ನೆಲ ಸಣ್ಣಗೆ ಗುಂಯ್‌ಗುಟ್ಟಿತು. ಇನ್ನೂ ಪೂರ್ತಿ ಕಪ್ಪಾಗದ ಆಕಾಶದಲ್ಲಿ ಹಸಿರು ಮೊದಲು ಒಂದು ಕಲೆಯಂತೆ ಮೂಡಿ, ಹರಡಿ, ದುಂಡಾಯಿತು. ದೂರದ ಊರುಗಳಲ್ಲಿ ಬೀದಿದೀಪಗಳು ಆರುವುದು ಗುಡ್ಡದ ಮೇಲಿನ ಕ್ಯಾಮೆರಾದಲ್ಲಿ ಕಂಡಿತು. ಯಾರೋ ಒಬ್ಬರು ಭೂಮಿಯ ಮೇಲಿನ ದೀಪಗಳನ್ನೆಲ್ಲ ಬೆರಳಿನಿಂದ ಒರೆಸಿದ ಹಾಗೆ.

ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಮಾತಾಡಿದ್ದು ಅತ್ತೆಯಲ್ಲ. ಹಿಂದಿನಿಂದ ಒಂದು ನರಳಾಟ ಮೊದಲು ಕೇಳಿತು, ಆಮೇಲೆ ದಾನೇಶ್ವರಿಯ ದನಿ. “ರೀ... ಎಲ್ಲಿದ್ದೀರಿ? ತಡಕೊಳ್ಳಾಕ ಆಗವಲ್ದು. ಯಾರೂ ಬರವಲ್ರು...”

“ಬರ್ತಾರ. ಈಗ ಬಿಡ್ತದ. ಈಗಿಂದೀಗ ಬಿಡ್ತದ,” ಎಂದ ಅವನು.

ಬಂದದ್ದನ್ನು ಜನ ಕಂಡಿದ್ದಾರೆ. ಹೋಗುವುದನ್ನೂ ಕಾಣುತ್ತಾರೆ. ಹೋದದ್ದಕ್ಕೆ ಯಾರು ಹೆದರುತ್ತಾರೆ? ಅವನು ಸ್ವಿಚ್ಚುಗಳನ್ನು ಕೆಳಗೆಳೆದ. ನೆಲದ ಗುಂಯ್‌ಗಾಟ ನಿಂತಿತು. ಆಕಾಶದಲ್ಲಿ ಹಸಿರು ನೀರಿಗೆ ಬಿದ್ದ ಬಣ್ಣದಂತೆ ಕದಡಿ ಇಲ್ಲವಾಯಿತು.

ದಸ್ತಗೀರ ಮಾತಿಗೆ ತಪ್ಪಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವನ ಫೋನು ಬಂತು. ಹಿಂದೆ ಟೆಂಪೋದ ಸದ್ದು.

“ಸಾಹೇಬ್ರ, ಬಿಡ್ತಲ್ರೀ ತಾಟ! ಅಕ್ಕಾರನ್ನ ಹತ್ತಿಸ್ಕೊಂಡೀನಿ. ಸೈರನ್ ಇನ್ನಾ ಆಗಿಲ್ಲ, ನಮ್ಮಾಕಿ ಬಾಗಲಾಗ ಅಡ್ಡ ನಿಂತ್ಲು, ಕಣ್ಣಿಗೆ ಕಾಣೂದಕ್ಕಿಂತ ಸೈರನ್ ದೊಡ್ಡದೇನ ಅಂತ ಬೈದು ಬಂದೆ. ನೀವು ಆಸ್ಪತ್ರ್ಯಾಗ ಹೇಳಿ ಇಡ್ರಿ.”

ನಿಜಗುಣ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ ಹೇಳಿದ. ಸರಿಯಾಯಿತು. ಇಷ್ಟೇ ಇತ್ತು.

ಪದ್ಮನಾಭಯ್ಯ ಬಾಗಿಲು ತೆರೆದು ನಿಂತಿದ್ದರು. ಅವರ ಕೈಯಲ್ಲಿದ್ದ ಫೋನಿನಲ್ಲಿ ಟೀವಿಯವನೊಬ್ಬ ಅರಚುತ್ತಿದ್ದ. ‘ಹೊತ್ತಿಗೆ ಮೊದಲೇ ತಾಟು ಮಾಯ! ಎಲ್ಲಿ ಇಳಿಯಿತು ತಾಟು?’

“ಏನು ಮಾಡಿದ್ರಿ ನಿಜಗುಣ?”

ಅವನು ತಪ್ಪಿದ್ದು ಅಲ್ಲಿ. ಜನ ಆಕಾಶವನ್ನು ನಂಬಿದ್ದಾರೆ ಎಂದುಕೊಂಡಿದ್ದ. ಜನ ನಂಬಿದ್ದು ಅವನು ಕೊಟ್ಟ ಸಮಯವನ್ನು. ಹೇಳಿದ ಹೊತ್ತಿಗೆ ಬರುವ, ಹೇಳಿದ ಹೊತ್ತಿಗೆ ಹೋಗುವ ಭಯವನ್ನು ಅವರು ಹೇಗೋ ಮನೆಯ ಕೆಲಸದಂತೆ ಮಾಡಿಕೊಂಡಿದ್ದರು. ಗ್ರಹಣ ಎಂದಾದರೂ ಅರ್ಧಕ್ಕೆ ಬಿಟ್ಟದ್ದುಂಟೇ? ಅರ್ಧಕ್ಕೆ ಆರಿದ ಬೆಳಕು ಹೋದ ಬೆಳಕಲ್ಲ, ಇಳಿದ ಬೆಳಕು.

ದಸ್ತಗೀರನ ಎರಡನೆಯ ಫೋನಿನಲ್ಲಿ ನಗು ಇರಲಿಲ್ಲ. “ಸಾಹೇಬ್ರ, ಹೊಳಿ ಸೇತುವಿ ಮ್ಯಾಲೆ ಬಂಡಿ ಅಡ್ಡ ಹಾಕ್ಯಾರ. ಟ್ರ್ಯಾಕ್ಟರ್ ನಿಲ್ಲಿಸ್ಯಾರ. ಇಳದಾವಂತ, ಆಚಿಗೆ ಯಾರನ್ನೂ ಬಿಡಾಂಗಿಲ್ಲಂತ. ನಾ ಹಡೆಯೂ ಹೆಣ್ಮಗಳ ಅದಾಳ ಅಂದ್ರ, ತೋರಸು ಹೊಟ್ಟ್ಯಾಗ ಏನೈತಿ ಅಂತಾರ್ರೀ! ಕೈಯಾಗ ಕೊಡ್ಲಿ ಅದಾವು.”

“ಅಂಗಲಾಚಿ ಕೇಳೋ ದಸ್ತಗೀರ.”

“ಕಾಲಿಗೆ ಬಿದ್ದೀನ್ರಿ.”

ನಿಜಗುಣ ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಸ್ವಿಚ್ಚುಗಳ ಕಡೆ ತಿರುಗಿದ. ಟ್ರಾನ್ಸ್‌ಮಿಟರುಗಳು ತಣ್ಣಗಾಗದೆ ಮತ್ತೆ ಹಚ್ಚುವಂತಿರಲಿಲ್ಲ. ಕೆಂಪು ದೀಪಗಳು ಬೇಡವೆನ್ನುತ್ತಿದ್ದವು. ಅವನು ಸುರಕ್ಷತೆಯ ತಡೆಗಳನ್ನು ಒಂದೊಂದಾಗಿ ಕಿತ್ತು ಹಾಕಿದ. ಪದ್ಮನಾಭಯ್ಯ ಬೇಡವೆನ್ನಲಿಲ್ಲ, ತಾವೇ ಬಂದು ಎರಡನೆಯ ಸಾಲಿನ ಕೀಲಿ ತಿರುಗಿಸಿದರು. ಎಲ್ಲೋ ಏನೋ ಸಿಡಿಯಿತು. ಸುಟ್ಟ ವಾಸನೆ ಕೋಣೆ ತುಂಬಿತು. ನೆಲ ಗುಂಯ್‌ಗುಟ್ಟಿತು.

ಬೆಳಕು ಬಂತು. ಮೇಜಿನ ಮೇಲಿನ ಫೋನಿನಿಂದ ಮೊದಲು ಒಂದು ದೊಡ್ಡ ಗದ್ದಲ, ಆಮೇಲೆ ಓಡುವ ಕಾಲುಗಳ ಸದ್ದು. ಟ್ರ್ಯಾಕ್ಟರೊಂದು ಗುಡುಗಿಕೊಂಡು ದೂರ ಹೋಯಿತು.

“ಮತ್ತ ಬಂತ್ರೀ ಸಾಹೇಬ್ರ!” ದಸ್ತಗೀರ ಕೂಗುತ್ತಿದ್ದ. “ಮ್ಯಾಲೆ ಐತಂತ, ಇಳದಿಲ್ಲಂತ! ಎಲ್ಲಾರೂ ಮನೀಗೆ ಓಡಾಕತ್ತಾರ! ಬಂಡಿ ನಾನ ಸರಸ್ತೀನಿ, ದಾರಿ ಆತು...”

ಅವನ ಮಾತಿನ ಹಿಂದೆ ಕಸ್ತೂರೆವ್ವ ಏನೋ ಚೀರಿದಳು. ದಸ್ತಗೀರ ಇಂಜಿನ್ನು ಆರಿಸಿದ. ಟೆಂಪೋದ ಹಿಂದಿನ ಬಾಗಿಲು ತೆರೆದ ಸದ್ದು ಕೇಳಿತು.

ನಿಜಗುಣ ಫೋನನ್ನು ಕಿವಿಗೊತ್ತಿಕೊಂಡ. ಹೊಳೆಯ ನೀರು ಸೇತುವೆಯ ಕಂಬಗಳನ್ನು ತಾಗುವುದು ಕೇಳುತ್ತಿತ್ತು. ಬಟ್ಟೆ ಸರಿಯುವ ಸದ್ದು. ಹೆಂಡತಿಯ ಉಸಿರು ಏರಿ, ಒಂದು ಕಡೆ ನಿಂತು, ಒಮ್ಮೆಲೇ ಸಡಿಲಾದದ್ದು. ಅತ್ತೆ ಮೆತ್ತಗೆ ಏನನ್ನೋ ತಟ್ಟುತ್ತಿದ್ದಳು. ತಟ್ಟಿದಳು, ಮತ್ತೆ ತಟ್ಟಿದಳು. ಅವನು ಒಂದು ಅಳುವಿಗಾಗಿ ಕಾದ. ಇಷ್ಟು ದೂರದಿಂದ ಕೇಳಿಸದೇನೋ ಎಂದುಕೊಂಡ, ಸಿಗ್ನಲ್ ಸರಿಯಿಲ್ಲವೇನೋ ಎಂದುಕೊಂಡ. ಹೊಳೆಯ ಸದ್ದು ಮಾತ್ರ ಸ್ಪಷ್ಟವಾಗಿತ್ತು.

ದಾನೇಶ್ವರಿ ಬದುಕಿದಳು. ದೊಡ್ಡಾಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವಳು ಅಳಲಿಲ್ಲ. ನಿಜಗುಣನ ಅಂಗಿಯ ತೋಳನ್ನು ಹಿಡಿದುಕೊಂಡು, ನಿಧಾನವಾಗಿ, ಮಕ್ಕಳಿಗೆ ತಿಳಿಸಿ ಹೇಳುವ ಹಾಗೆ ಹೇಳಿದಳು.

“ಟೆಂಪೋದ ಹಿಂದಿನ ಬಾಗಲಾ ತಗದಿತ್ರಿ. ಸೇತುವಿ ಮ್ಯಾಲೆ ಯಾರೂ ಇರಲಿಲ್ಲ. ಕರೆಕ್ಟ್ ನನ್ನ ಮ್ಯಾಲೆ ಬಂದಿತ್ತು ಅದು, ಹಸರಗ. ಹೋಗಿತ್ತಲ್ಲ, ಮತ್ತ ತಿರುಗಿ ಬಂತು. ಯಾಕ ತಿರುಗಿ ಬಂತು ಹೇಳ್ರಿ? ನನ್ನ ಮಗನ್ನ ಕರ್ಕೊಂಡು ಹೋಗಾಕ ಬಂದಿತ್ತು. ಅದಕ್ಕ ಅವ ಇಲ್ಲಿ ಅಳಲಿಲ್ಲ.”

ಅವನು ಅವಳ ಹಣೆಯ ಮೇಲೆ ಕೈಯಿಟ್ಟ.

ವರ್ಷ ತಿರುಗುವುದರೊಳಗೆ ಜನಕ್ಕೆ ಬೇಸರ ಬಂತು. ಭಯಕ್ಕೂ ಹಳಸುವ ಗುಣವಿದೆ. ಟೀವಿಯವರು ಬೇರೆ ಸುದ್ದಿ ಹಿಡಿದರು, ಆಟೋಗಳ ಹಿಂದಿನ ಹಸಿರು ಮುಖಗಳು ಬಿಸಿಲಿಗೆ ಬಿಳಚಿದವು. ಗಿರಣಿಯ ಮಾಲಕನಿಗೆ ಸೈರನ್ ಹಾಕಿಸುವುದು ನೆನಪಾಗದೆ ಹೋಯಿತು. ಹಾಕಿಸಲಿಲ್ಲವೆಂದು ಯಾರೂ ಕೇಳಲಿಲ್ಲ. ತಾಟಿನ ಬೆಳಕಿನಲ್ಲೇ ಹೆಂಗಸರು ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸಿದರು, ಹುಡುಗರು ಕ್ರಿಕೆಟ್ ಆಡಿದರು. ಆ ಸಂಜೆ ಸೇತುವೆಯ ಮೇಲೆ ಕೊಡಲಿ ಹಿಡಿದಿದ್ದವರಲ್ಲಿ ಇಬ್ಬರು ನಿಜಗುಣನಿಗೆ ಸಂತೆಯಲ್ಲಿ ಎದುರಾಗಿ, “ಆರಾಮ ಅದೀರೇನ್ರಿ ಸಾಹೇಬ್ರ?” ಎಂದು ಕೇಳಿ ಹೋದರು. ಅಂದು ಟೆಂಪೋದಲ್ಲಿದ್ದವಳ ಗಂಡ ಅವನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಊರಿನಲ್ಲಿ ತಾಟಿಗೆ ಕಾಯುವವಳು ಒಬ್ಬಳೇ ಉಳಿದಳು. ಹೊತ್ತಾಗುವ ಮುಂಚೆಯೇ ದಾನೇಶ್ವರಿ ಮುಖ ತೊಳೆದು, ಹೆರಳು ಹಾಕಿಕೊಂಡು ಮಾಳಿಗೆ ಏರುತ್ತಿದ್ದಳು. ಬೆಳಕು ಇರುವಷ್ಟು ಹೊತ್ತು ತಗ್ಗಿದ ದನಿಯಲ್ಲಿ ಏನೇನೋ ಹೇಳುತ್ತಿದ್ದಳು. ಇಳಿದು ಬಂದ ಮೇಲೆ ಎರಡು ದಿನ ಚೆನ್ನಾಗಿ ಉಣ್ಣುತ್ತಿದ್ದಳು. ಬೆಳಕು ಬಾರದ ವಾರಗಳಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಪ್ರಯೋಗ ಮುಗಿಯಿತು, ಉಪಕರಣಗಳನ್ನು ಬೇರೆಡೆಗೆ ಸಾಗಿಸಬೇಕು ಎಂದು ಮೇಲಿನಿಂದ ಬಂದ ಮಾತನ್ನು ಪದ್ಮನಾಭಯ್ಯ ಏನೇನೋ ನೆಪ ಹೇಳಿ ಎರಡು ಸಲ ಮುಂದೂಡಿದರು. ಮೂರನೆಯ ಸಲ ಮುಂದೂಡಲು ಅವರಿಂದ ಆಗಲಿಲ್ಲ.

ಕೊನೆಯ ತಾಟು ಹಚ್ಚಿ ಆರಿಸಿದ ರಾತ್ರಿ ಅವನು ಕೆಲಸ ಮುಗಿಸಿ ಮನೆಗೆ ಬಂದಾಗ ಅವಳು ಇನ್ನೂ ಮಾಳಿಗೆಯ ಮೇಲೇ ಇದ್ದಳು. ಅವನು ಹೋಗಿ ಪಕ್ಕದಲ್ಲಿ ಕೂತ. ಆಕಾಶದಲ್ಲಿ ನಕ್ಷತ್ರಗಳನ್ನು ಬಿಟ್ಟರೆ ಏನೂ ಇರಲಿಲ್ಲ.

“ಇವತ್ತ ಬಾಳ ಹೊತ್ತ ಇದ್ದ ನೋಡ್ರಿ,” ಎಂದಳು. “ಯಾವತ್ತೂ ಇಷ್ಟ ಹೊತ್ತ ಇರಾಂಗಿಲ್ಲ. ಹೋಗಾಕ ಮನಸಿರಲಿಲ್ಲೋ ಏನೋ.” ಅವನ ಕಡೆ ತಿರುಗಿದಳು. “ಮುಂದಿನ ಸಲ ಯಾವಾಗ್ರಿ? ನಿಮ್ಮ ಆಫೀಸಿನವರು ಹೊತ್ತ ಹೇಳ್ಯಾರೇನು?”

“ಇನ್ನಾ ಹೇಳಿಲ್ಲ,” ಎಂದ ನಿಜಗುಣ.

“ಹೇಳಿದ ಕೂಡ್ಲೇ ನನಗ ಹೇಳ್ರಿ.”

“ಹೇಳ್ತೀನಿ.”

ಅವಳು ಅವನ ಭುಜಕ್ಕೆ ಒರಗಿ ಮೇಲೆ ನೋಡುತ್ತ ಕೂತಳು. ಅವನೂ ನೋಡುತ್ತ ಕೂತ. ಆ ಬೆಳಕನ್ನು ಹಚ್ಚುತ್ತಿದ್ದವನು ತಾನು, ಆ ಸಂಜೆ ಅರ್ಧಕ್ಕೆ ಆರಿಸಿದವನೂ ತಾನು, ಅದರೊಳಗೆ ಯಾರೂ ಇರಲಿಲ್ಲ ಎಂದು ಅವನು ಅವಳಿಗೆ ಹೇಳಲಿಲ್ಲ, ಎಂದೂ ಹೇಳಲಿಲ್ಲ.